ಎಲ್ಲರೂ ಹೊತ್ತ ಮೊಜಿಲ್ಲಾ ಹೆಸರು

ಚಡಚಣದ ರೈತರೊಬ್ಬರು ಹೊಲದ ಉತಾರ ನೋಡಲು ಮೊಬೈಲಿನಲ್ಲಿ ಕ್ರೋಮ್ ತೆರೆದರೆ, ಪುಟ ಮೂಡುವ ಮೊದಲೇ ಅದು ಸರ್ವರಿಗೆ ತನ್ನ ಪರಿಚಯ ಹೇಳಿಕೊಂಡಿರುತ್ತದೆ: ‘ಮೊಜಿಲ್ಲಾ/5.0, ಲಿನಕ್ಸ್, ಆಂಡ್ರಾಯ್ಡ್ 10, ಕೆ, ಗೆಕ್ಕೊ ಥರದ್ದು, ಕ್ರೋಮ್, ಸಫಾರಿ’. ಇದರಲ್ಲಿ ನೆಚ್ಚುವಂಥದ್ದು ಕಡಿಮೆ. ಮೊಸಾಯಿಕ್ ಬ್ರೌಸರನ್ನು ಮೀರಿಸಲು 1994ರಲ್ಲಿ ಬಂದ ನೆಟ್‌ಸ್ಕೇಪ್, ತನ್ನ ಒಳಹೆಸರಾದ ಮೊಜಿಲ್ಲಾ ಎಂದೇ ಗುರುತು ಹೇಳುತ್ತಿತ್ತು. ಪುಟವನ್ನು ಚೌಕಟ್ಟುಗಳಾಗಿ ಒಡೆದು ತೋರಿಸುವುದನ್ನು ಅದು ಕಲಿತಾಗ, ತಾಣ ನಡೆಸುವವರು ಮೊಜಿಲ್ಲಾ ಎಂದವರಿಗೆ ಚೆಂದದ ಪುಟ, ಉಳಿದವರಿಗೆ ಬಡ ಪುಟ ಕಳಿಸತೊಡಗಿದರು. ಬಾಗಿಲಲ್ಲಿ ಹೆಸರು ಕೇಳಿ ಪಂಕ್ತಿ ಬೇರೆ ಮಾಡಿದರೆ ಹಸಿದವನು ಸುಳ್ಳು ಹೆಸರು ಹೇಳದೆ ಇರುತ್ತಾನೆಯೇ? 1995ರಲ್ಲೇ ಮೈಕ್ರೊಸಾಫ್ಟಿನ ಎಕ್ಸ್‌ಪ್ಲೋರರ್ ಮೊಜಿಲ್ಲಾ ಎಂದು ಹೇಳಿಕೊಂಡು, ನಿಜವಾದ ಹೆಸರನ್ನು ಕಂಸದೊಳಗೆ ಇಟ್ಟಿತು. 2003ರ ಸಫಾರಿ, ಮೊಜಿಲ್ಲಾದ ಪುಟ ಮೂಡಿಸುವ ಎಂಜಿನ್ನಾದ ಗೆಕ್ಕೊದ ಹೆಸರು ಹಿಡಿದು, ‘ಗೆಕ್ಕೊ ಥರದ್ದು’ ಎಂದಿತು, 2008ರ ಕ್ರೋಮ್ ಸಫಾರಿಯ ಹೆಸರನ್ನೂ ಹೊತ್ತಿತು. ಯಾವ ಕಂಪನಿಯ ಫೋನಾದರೂ ‘ಆಂಡ್ರಾಯ್ಡ್ 10, ಕೆ’ ಎಂದೇ ಹೇಳುವ ಕ್ರಮವನ್ನು ಕ್ರೋಮ್ 2023ರಲ್ಲಿ ತಂದಿತು.

ಹೀಗೆ ಹೆಸರಿನ ಸಾಲಿಗೆ ಬೆಲೆ ಇಲ್ಲದಾಯಿತು. ಅದರ ಜೊತೆಗೇ ಹೋಗುವ ಇನ್ನೊಂದು ಸಾಲು ಮಾತ್ರ ನಿಜಕ್ಕೂ ಓದುವವರದು: ಬೇಕಾದ ಭಾಷೆ ಯಾವುದೆಂದು ಅದು ಹೇಳುತ್ತದೆ. ಫೋನನ್ನು ಕನ್ನಡಕ್ಕೆ ಇಟ್ಟುಕೊಂಡಿದ್ದರೆ ಅಲ್ಲಿ ‘ಕೆಎನ್’ ಎಂಬೆರಡು ಅಕ್ಷರ ಹೋಗುತ್ತವೆ. ಗಡಿಯಲ್ಲಿ ಇದರ ಬೆಲೆ ದೊಡ್ಡದು. ಚಡಚಣದಿಂದ ಗಡಿ ದಾಟಿದರೆ ಸಿಗುವ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖಗಳಲ್ಲೂ ಮನೆಮಾತು ಕನ್ನಡವೇ. ಇಂಟರ್ನೆಟ್ ವಿಳಾಸದಿಂದ ಊರು ಊಹಿಸುವ ತಾಣ ಅಲ್ಲಿಯವರನ್ನು ಮರಾಠಿಗೆ ತಳ್ಳೀತು, ಈ ಸಾಲನ್ನು ಓದುವ ತಾಣ ತಳ್ಳುವುದಿಲ್ಲ. ಆದರೂ ಬಹಳಷ್ಟು ತಾಣಗಳು ಮೊದಲು ಇಂಗ್ಲಿಷ್ ತೋರಿಸಿ, ‘ಕನ್ನಡ’ ಎಂಬ ಗುಂಡಿಯನ್ನು ಮೂಲೆಗೆ ಸರಿಸುತ್ತವೆ. ಬಂದಿರುವ ಬೇಡಿಕೆಯನ್ನು ಓದದೆ ಮತ್ತೆ ಕೇಳುವುದು ಯಾವ ಸೇವೆ?

ಅಂಗಡಿಯಿಂದ ಬಂದ ಫೋನು ಇಂಗ್ಲಿಷಿನಲ್ಲೇ ಇರುತ್ತದಲ್ಲ, ಆ ಸಾಲು ನಂಬುವಂಥದ್ದೇ ಎಂದು ಕೇಳಬಹುದು. ಇಂಗ್ಲಿಷ್ ಎಂದಿದ್ದರೆ ಅನುಮಾನಿಸಿ, ಗುಂಡಿಯನ್ನೂ ಇಡಿ. ಕನ್ನಡ ಎಂದಿದ್ದರೆ ಯಾರೋ ಕೈಯಾರೆ ಬದಲಿಸಿದ್ದಾರೆಂದೇ ಅರ್ಥ. ಭಾಷೆಯಿಂದ ಬಳಕೆದಾರರ ಜಾಡು ಹಿಡಿಯಬಹುದೆಂಬ ಆತಂಕವೂ ಸುಳ್ಳಲ್ಲ. ಅದಕ್ಕೆ ಪರಿಹಾರ ಭಾಷೆಗಳ ಉದ್ದ ಪಟ್ಟಿಯ ಬದಲು ಒಂದನ್ನೇ ಕಳಿಸುವುದು, ಕನ್ನಡ ಬಿಡುವುದಲ್ಲ. ಸರ್ಕಾರಿ ತಾಣ ಕಟ್ಟುವವರು ಆ ಒಂದು ಸಾಲನ್ನು ಓದಿ, ಮೊದಲ ಪುಟವನ್ನೇ ಕನ್ನಡದಲ್ಲಿ ಕಳಿಸಲಿ.