ಒಲೆ ಅದೇ, ರುಚಿ ಹೊಸದು

ಮುಂಜಾನೆಯ ನಮಾಝ್ ಮುಗಿಸಿ ಅಡುಗೆ ಮನೆಗೆ ಕಾಲಿಡುವ ಗೃಹಿಣಿಯನ್ನು ಮೊದಲು ಎದುರುಗೊಳ್ಳುವ ಪ್ರಶ್ನೆ: ಇಂದು ಏನು ಮಾಡಲಿ? ಮನೆಮಂದಿಯನ್ನು ಕೇಳಿದರೆ "ಏನಾದರೂ ಮಾಡು" ಎಂಬ ಉತ್ತರ ಸಿಗುತ್ತದೆ. ಆ 'ಏನಾದರೂ' ಕೊನೆಗೆ ಮೊನ್ನೆ ಮಾಡಿದ ಸಾರೇ ಆಗಿರುತ್ತದೆ. ಊಟಕ್ಕೆ ಕುಳಿತವರು ಮಾತ್ರ "ಇವತ್ತೂ ಇದೇನಾ?" ಎನ್ನುತ್ತಾರೆ.

ಇದು ಸಣ್ಣ ವಿಷಯವೆಂದು ತಳ್ಳಿ ಹಾಕುವಂತಿಲ್ಲ. ದಿನಕ್ಕೆ ಮೂರು ಹೊತ್ತು, ವರ್ಷವಿಡೀ ಒಂದೇ ಕೆಲಸ ಮಾಡುವವಳಿಗೆ ಅದರಲ್ಲಿ ಆಸಕ್ತಿ ಬತ್ತಿದರೆ ಅಡುಗೆಯೂ ಸಪ್ಪೆಯಾಗುತ್ತದೆ, ಮನಸ್ಸೂ ಸಪ್ಪೆಯಾಗುತ್ತದೆ. ಮಕ್ಕಳು ಅಂಗಡಿಯ ಪೊಟ್ಟಣದ ತಿಂಡಿಗೆ ಕೈ ಚಾಚುತ್ತಾರೆ. ಹೋಟೆಲಿನ ಪಾರ್ಸೆಲ್ ಮನೆಯ ಬಜೆಟ್ಟನ್ನು ತಿನ್ನತೊಡಗುತ್ತದೆ. ವಾರಕ್ಕೊಂದು ಹೊಸ ಅಡುಗೆ ಕಲಿಯುವುದು ಇದಕ್ಕೆಲ್ಲ ಸುಲಭವಾದ, ಖರ್ಚಿಲ್ಲದ ಮದ್ದು.

ಇಂದಿನ ಹಳತು ಅಂದಿನ ಹೊಸತು

"ನಮ್ಮಲ್ಲಿ ಹಾಗೆಲ್ಲ ಮಾಡುವುದಿಲ್ಲ" ಎಂದು ಹಿರಿಯರು ಹೇಳುವುದುಂಟು. ಆದರೆ ನಮ್ಮ ಅಡುಗೆ ಎಂದು ನಾವು ಭಾವಿಸಿರುವುದರಲ್ಲಿ ಎಷ್ಟು ಹೊರಗಿನಿಂದ ಬಂದದ್ದು! ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆಗಳ ತವರು ಅಮೆರಿಕ ಖಂಡ. 1498ರಲ್ಲಿ ಪೋರ್ಚುಗೀಸರು ಸಮುದ್ರ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದ ನಂತರವೇ ಇವು ಒಂದೊಂದಾಗಿ ಇಲ್ಲಿನ ಒಲೆ ಸೇರಿದವು. ಸುಮಾರು 1500ರ ಹೊತ್ತಿಗೆ ಮಾಂಡುವಿನ ಸುಲ್ತಾನ್ ಘಿಯಾಸುದ್ದೀನನಿಗಾಗಿ ಬರೆಯಲಾದ 'ನಿಅ್‌ಮತ್‌ನಾಮ' ಎಂಬ ಪಾಕಗ್ರಂಥದಲ್ಲಿ ಬಗೆಬಗೆಯ ಸಮೋಸಗಳಿವೆ. ಆದರೆ ಆಲೂಗಡ್ಡೆ ತುಂಬಿದ ಸಮೋಸ ಒಂದೂ ಇಲ್ಲ. ಮೆಣಸಿನಕಾಯಿ ಹಾಕದೆ ಸಾರು ಮಾಡುತ್ತಿದ್ದ ಅಜ್ಜಿಯೊಬ್ಬಳಿಗೂ ಒಂದು ದಿನ ಅದು ಹೊಸತಾಗಿಯೇ ಕಂಡಿರಬೇಕು.

14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯೂಟವನ್ನು ವಿವರವಾಗಿ ದಾಖಲಿಸಿದ್ದಾರೆ. ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಹಸಿ ಕಾಳುಮೆಣಸು, ಶುಂಠಿ, ನಿಂಬೆ, ಮಾವು; ನಂತರ ಕೋಳಿ, ಮೀನು, ತರಕಾರಿ; ಕೊನೆಗೆ ಮೊಸರು. ರೊಟ್ಟಿ ತಿಂದು ಬೆಳೆದ ಅವರಿಗೆ ತಿಂಗಳುಗಟ್ಟಲೆ ಅನ್ನವನ್ನೇ ಉಣ್ಣುವುದು ಕಷ್ಟವಾಯಿತಂತೆ. ಅದೇ ಪಟ್ಟಣದಲ್ಲಿ ಹೆಣ್ಣು ಮಕ್ಕಳಿಗಾಗಿ 13 ಶಾಲೆಗಳಿದ್ದುದನ್ನೂ ಅವರು ಮೆಚ್ಚಿ ಬರೆದಿದ್ದಾರೆ.

ಎಲ್ಲಿಂದ ಆರಂಭಿಸಬೇಕು?

ಹೊಸ ರುಚಿ ಎಂದಾಕ್ಷಣ ಚೀಸ್, ಸಾಸ್, ಓವನ್ ಎಂದು ಯೋಚಿಸಬೇಕಾಗಿಲ್ಲ. ನಮ್ಮ ರಾಜ್ಯದ ಮುಸ್ಲಿಮ್ ಮನೆಗಳಲ್ಲೇ ಎಷ್ಟೊಂದು ವೈವಿಧ್ಯವಿದೆ! ಭಟ್ಕಳದ ನವಾಯತರ ಶ್ಯಾವಿಗೆ ಬಿರಿಯಾನಿ, ಬ್ಯಾರಿ ಮನೆಗಳ ಪತ್ತಿರ್, ಮೈಸೂರು-ಬೆಂಗಳೂರು ಕಡೆಯ ದಾಲ್ಚಾ, ಕಲಬುರಗಿಯ ತಹರಿ. ಒಂದು ಜಿಲ್ಲೆಯವರ ನಿತ್ಯದ ಊಟ ಇನ್ನೊಂದು ಜಿಲ್ಲೆಯವರಿಗೆ ಹೊಸತು. ಉದಾಹರಣೆಗೆ ತಹರಿಯನ್ನೇ ನೋಡಿ. ಬಿರಿಯಾನಿಯಂತೆ ಪದರ ಹಾಕಿ ದಮ್ ಕಟ್ಟುವ ಕೆಲಸವಿಲ್ಲ. ಮಾಂಸದ ರಸದಲ್ಲೇ ಅಕ್ಕಿ ಬೇಯುವುದರಿಂದ ಒಂದೇ ಪಾತ್ರೆ ಸಾಕು.

ತಹರಿ (5 ಮಂದಿಗೆ)

ಬೇಕಾಗುವ ಸಾಮಗ್ರಿ: ಮಟನ್ ಅರ್ಧ ಕಿಲೋ, ಅಕ್ಕಿ 2 ಕಪ್, ಈರುಳ್ಳಿ 3, ಟೊಮೆಟೊ 2, ಮೊಸರು ಅರ್ಧ ಕಪ್, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಒಂದೂವರೆ ಚಮಚ, ಹಸಿಮೆಣಸು 4, ಖಾರದ ಪುಡಿ 1 ಚಮಚ, ಅರಿಶಿನ ಅರ್ಧ ಚಮಚ, ಚಕ್ಕೆ, ಲವಂಗ, ಏಲಕ್ಕಿ ಸ್ವಲ್ಪ, ಪುದೀನ, ಕೊತ್ತಂಬರಿ ಸೊಪ್ಪು ಒಂದೊಂದು ಹಿಡಿ, ಎಣ್ಣೆ 4 ದೊಡ್ಡ ಚಮಚ, ಉಪ್ಪು.

ಮಾಡುವ ವಿಧಾನ: ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿಡಿ. ಕುಕ್ಕರಿನಲ್ಲಿ ಎಣ್ಣೆ ಕಾಯಿಸಿ ಚಕ್ಕೆ, ಲವಂಗ, ಏಲಕ್ಕಿ ಹಾಕಿ, ಈರುಳ್ಳಿಯನ್ನು ಕೆಂಪಗಾಗುವವರೆಗೆ ಹುರಿಯಿರಿ. ಶುಂಠಿ-ಬೆಳ್ಳುಳ್ಳಿಯ ಹಸಿ ವಾಸನೆ ಹೋಗುವ ತನಕ ಕೈಯಾಡಿಸಿ. ಮಟನ್, ಅರಿಶಿನ, ಖಾರದ ಪುಡಿ, ಟೊಮೆಟೊ, ಮೊಸರು, ಉಪ್ಪು ಸೇರಿಸಿ ಎಣ್ಣೆ ಬಿಡುವವರೆಗೆ ಬಾಡಿಸಿ. 2 ಕಪ್ ನೀರು ಹಾಕಿ, ಮಾಂಸ ಮೆತ್ತಗಾಗುವ ತನಕ 5ರಿಂದ 6 ವಿಸಿಲ್ ಕೂಗಿಸಿ. ಮುಚ್ಚಳ ತೆರೆದ ಮೇಲೆ ರಸವನ್ನು ಅಳೆಯಿರಿ. ಅದಕ್ಕೆ ಬಿಸಿನೀರು ಸೇರಿಸಿ ಒಟ್ಟು ಮೂರೂವರೆ ಕಪ್ ಮಾಡಿ. ಕುದಿ ಬಂದಾಗ ಬಸಿದ ಅಕ್ಕಿ, ಸೀಳಿದ ಹಸಿಮೆಣಸು, ಸೊಪ್ಪು ಹಾಕಿ ಉಪ್ಪು ನೋಡಿ. ನೀರು ಇಂಗುತ್ತಾ ಬಂದಂತೆ ಉರಿ ಸಣ್ಣದಾಗಿಸಿ, ಮುಚ್ಚಿ 10 ನಿಮಿಷ ಬಿಡಿ. ಕಚುಂಬರ್ ಜೊತೆ ಬಡಿಸಿ. ಮಾಂಸದ ಬದಲು ಆಲೂಗಡ್ಡೆ, ಬಟಾಣಿ ಹಾಕಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ.

ನೆನಪಿಡಿ

* ಹೊಸ ಅಡುಗೆಯನ್ನು ನೆಂಟರು ಬರುವ ದಿನ ಮೊದಲ ಬಾರಿ ಮಾಡಬೇಡಿ. ಮನೆಮಂದಿ ಮಾತ್ರ ಇರುವ ದಿನ ಅರ್ಧ ಅಳತೆಯಲ್ಲಿ ಮಾಡಿ ನೋಡಿ. ಕೆಟ್ಟರೂ ನಷ್ಟ ಕಡಿಮೆ. ತಿನ್ನಿರಿ, ಕುಡಿಯಿರಿ, ದುಂದುವೆಚ್ಚ ಮಾಡಬೇಡಿರೆಂಬುದು ಕುರ್‌ಆನಿನ ಆದೇಶವಲ್ಲವೇ?

* ಪಾಕವಿಧಾನವನ್ನು ಕೊನೆಯವರೆಗೆ ಓದಿದ ಮೇಲೆಯೇ ಒಲೆ ಹಚ್ಚಿ. ಅಕ್ಕಿ ಎರಡು ಗಂಟೆ ನೆನೆಯಬೇಕೆಂಬುದು ಒಗ್ಗರಣೆ ಸಿಡಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

* ಹೊಸ ಅಡುಗೆಯ ಪಕ್ಕದಲ್ಲಿ ಪರಿಚಿತವಾದ ಒಂದು ಪದಾರ್ಥವಿರಲಿ. ಮಕ್ಕಳು ಮೊದಲ ದಿನ ಬೇಡವೆಂದರೆ ಒತ್ತಾಯಿಸಬೇಡಿ. ಒಂದು ತುತ್ತು ರುಚಿ ನೋಡಿದರೆ ಸಾಕು. ಹಲವು ಬಾರಿ ಕಂಡ ಮೇಲೆಯೇ ಅವರ ನಾಲಗೆ ಹೊಸ ರುಚಿಗೆ ಒಗ್ಗುತ್ತದೆ.

* ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರಿದ್ದರೆ ಅವರ ಪಾಲನ್ನು ಸಕ್ಕರೆ, ಉಪ್ಪು ಹೆಚ್ಚು ಸೇರಿಸುವ ಮೊದಲೇ ತೆಗೆದಿಡಿ. ಹೊಸ ರುಚಿ ಅವರ ತಟ್ಟೆಗೂ ತಲುಪಲಿ.

* ಸಾಮಗ್ರಿ ಹಲಾಲ್ ತಾನೇ ಎಂದು ಪರಿಶೀಲಿಸಿ. ಪುಡ್ಡಿಂಗ್‌ಗೆ ಹಾಕುವ ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾಗುತ್ತದೆ. ಅದರ ಬದಲು ಕಡಲಪಾಚಿಯಿಂದ ಮಾಡಿದ ಚೈನಾ ಗ್ರಾಸ್ ಬಳಸಬಹುದು. ಚೀನೀ ಅಡುಗೆಗಳಲ್ಲಿ ಹೇಳುವ ಅಕ್ಕಿ ವೈನ್‌ನ ಜಾಗದಲ್ಲಿ ವಿನೆಗರ್ ಅಥವಾ ನಿಂಬೆ ರಸ ಹಿಂಡಿದರೆ ಸಾಕು.

* ಒಂದು ನೋಟ್ ಪುಸ್ತಕವಿರಲಿ. ಮಾಡಿದ ದಿನವೇ ಉಪ್ಪು ಹೆಚ್ಚಾಯಿತೋ ನೀರು ಕಡಿಮೆಯಾಯಿತೋ ಬರೆದಿಡಿ. ಅಮ್ಮ, ಅತ್ತೆಯವರ ಕೈರುಚಿಯನ್ನೂ ಕೇಳಿ, ಅಳತೆ ಸಹಿತ ಅದರಲ್ಲಿ ಬರೆದುಕೊಳ್ಳಿ. ಬರೆಯದೆ ಹೋದ ಎಷ್ಟೋ ರುಚಿಗಳು ಅವರ ಜೊತೆಗೇ ಹೋಗಿಬಿಡುತ್ತವೆ.

ಉಣ್ಣುವವರಿಗೂ ಒಂದು ಮಾತು

ಹೊಸ ಅಡುಗೆ ನಿಲ್ಲುವುದು ಸಾಮಾನ್ಯವಾಗಿ ಸಾಮಗ್ರಿಯ ಕೊರತೆಯಿಂದಲ್ಲ, ಒಂದು ಕಟು ಮಾತಿನಿಂದ. ಎರಡು ಗಂಟೆ ಬೆವರಿಳಿಸಿ ಮಾಡಿದ್ದನ್ನು ಮೊದಲ ತುತ್ತಿಗೇ "ಇದೆಂಥದ್ದು?" ಎಂದು ಬದಿಗೆ ಸರಿಸಿದರೆ ಮುಂದಿನ ವಾರ ಆಕೆ ಹಳೆಯ ಸಾರಿಗೇ ಮರಳುತ್ತಾಳೆ. ಪ್ರವಾದಿ(ಸ)ರು ಎಂದೂ ಆಹಾರದಲ್ಲಿ ಕುಂದು ಹುಡುಕಿದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಟ್ಟು ಬಿಡುತ್ತಿದ್ದರು ಎಂದು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಒಮ್ಮೆ ತಮ್ಮ ನಾಡಿನಲ್ಲಿ ರೂಢಿಯಿಲ್ಲದ ಉಡದ ಮಾಂಸ ಮುಂದೆ ಬಂದಾಗ, ತಮಗೆ ಅದು ಅಭ್ಯಾಸವಿಲ್ಲವೆಂದು ಸೌಮ್ಯವಾಗಿ ತಿಳಿಸಿ ಕೈ ಹಿಂದಕ್ಕೆ ತೆಗೆದರು. ಪಕ್ಕದಲ್ಲಿದ್ದ ಖಾಲಿದ್(ರ) ಅದನ್ನು ತಿಂದಾಗ ತಡೆಯಲೂ ಇಲ್ಲ. ಇಷ್ಟವಾಗದಿದ್ದರೆ ಹೇಳುವ ರೀತಿ ಇದು.

ಪ್ರವಾದಿ(ಸ)ರು ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಆಇಶಾ(ರ) ಹೇಳಿದ್ದಾರೆ. ವಾರದ ಆ ಒಂದು ದಿನ ಈರುಳ್ಳಿ ಹೆಚ್ಚಿಕೊಡಲು ಗಂಡನಿರಲಿ, ಪುದೀನ ಬಿಡಿಸಲು ಮಗನಿರಲಿ. ತಾನೂ ಕೈಯಾಡಿಸಿದ ಅಡುಗೆಯನ್ನು ಯಾರೂ ಸುಲಭವಾಗಿ ದೂರುವುದಿಲ್ಲ.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಸಿ ನೆರೆಯವರನ್ನೂ ನೆನಪಿಸಿಕೊಳ್ಳಬೇಕೆಂದು ಪ್ರವಾದಿ(ಸ)ರು ಅಬೂದರ್(ರ)ರಿಗೆ ಉಪದೇಶಿಸಿದ್ದರು. ಈ ವಾರದ ಹೊಸ ಅಡುಗೆಯಿಂದ ಒಂದು ತಟ್ಟೆ ಪಕ್ಕದ ಮನೆಗೂ ಹೋಗಲಿ. ಆ ತಟ್ಟೆ ಖಾಲಿಯಾಗಿ ಮರಳುವುದು ಅಪರೂಪ. ಮುಂದಿನ ವಾರ ಕಲಿಯಬೇಕಾದ ರುಚಿ ಅದರಲ್ಲೇ ಇದ್ದೀತು.