ದಪ್ಪ ಎಣ್ಣೆಯೋ, ತೆಳು ಎಣ್ಣೆಯೋ? ಎಂಜಿನ್ ಕೇಳುವುದು ಯಾವುದನ್ನು?

ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದ ನಮ್ಮ ಹಿರಿಯರಿಗೆ ಒಂದು ತತ್ತ್ವ ಚೆನ್ನಾಗಿ ಗೊತ್ತಿತ್ತು. ಉಜ್ಜುವ ಎರಡು ಭಾಗಗಳು ಸವೆಯುತ್ತವೆ. ನಡುವೆ ಎಣ್ಣೆಯಿದ್ದರೆ ಜಾರುತ್ತವೆ. ಕಾರಿನ ಎಂಜಿನ್ನಿನಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿನ ವೇಗ, ಬಿಸಿ ಎರಡೂ ಬೇರೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪಿಸ್ಟನ್ ಸೆಕೆಂಡಿಗೆ 50 ಬಾರಿ ಮೇಲೆ ಕೆಳಗೆ ಓಡಾಡುತ್ತದೆ. ಬೇರಿಂಗುಗಳಲ್ಲಿ ಲೋಹವನ್ನು ಲೋಹದಿಂದ ದೂರವಿಡುವ ಎಣ್ಣೆಯ ಪೊರೆ ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು.

ಈ ಪೊರೆಯನ್ನು ಕಾಪಾಡುವ ಎಣ್ಣೆಯನ್ನು ಆರಿಸುವುದು ಹೇಗೆ? ಯಾವುದೇ ಟ್ಯಾಕ್ಸಿ ನಿಲ್ದಾಣದಲ್ಲಿ ಕೇಳಿ ನೋಡಿ. ‘ದಪ್ಪ ಎಣ್ಣೆ ಹಾಕಿ, ಸದ್ದು ಅಡಗುತ್ತದೆ’ ಎನ್ನುವವರಿದ್ದಾರೆ. ‘ತೆಳು ಎಣ್ಣೆ ಹಾಕಿದ ಮೇಲೆ ಮೈಲೇಜ್ ಏರಿತು’ ಎನ್ನುವವರೂ ಇದ್ದಾರೆ. ‘ಸಾವಿರ ಕಿಲೋಮೀಟರಿಗೇ ಕಪ್ಪಾಯಿತು, ಕಲಬೆರಕೆ ಇರಬೇಕು’ ಎಂಬ ದೂರೂ ಉಂಟು. ಇವರು ಯಾರೂ ಸುಳ್ಳು ಹೇಳುತ್ತಿಲ್ಲ. ಆದರೂ ಒಬ್ಬರ ಮಾತು ನಂಬಿ ಇನ್ನೊಬ್ಬರು ಎಣ್ಣೆ ಬದಲಿಸಿದರೆ ಎಂಜಿನ್ ಬೇಗ ಸವೆಯಬಹುದು. ಸಾಲದಲ್ಲಿ ಕಾರು ಕೊಂಡು ಅದರ ದುಡಿಮೆಯಲ್ಲೇ ಮನೆ ನಡೆಸುವ ಚಾಲಕನಿಗೆ ಅದು ಸಣ್ಣ ನಷ್ಟವಲ್ಲ.

ಡಬ್ಬಿಯ ಮೇಲಿನ ಅಂಕಿಗಳು

20ಡಬ್ಲ್ಯು-40, 5ಡಬ್ಲ್ಯು-30, 0ಡಬ್ಲ್ಯು-20 ಎಂದೆಲ್ಲ ಡಬ್ಬಿಗಳ ಮೇಲೆ ಬರೆದಿರುವುದನ್ನು ನೀವು ನೋಡಿರಬಹುದು. ಇವು ಗುಣಮಟ್ಟಕ್ಕೆ ಕೊಟ್ಟ ಅಂಕಗಳಲ್ಲ. ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ಪ್ರತಿರೋಧವನ್ನು, ತಿಳಿಸುವ ದರ್ಜೆಗಳು. ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲ ಅಕ್ಷರ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಮುಂದಿನ ಅಂಕಿ, ಎಂಜಿನ್ ಕಾದಾಗ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರ ದರ್ಜೆಯ ಎಣ್ಣೆಯ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ ನಡುವೆ ಇರಬೇಕು. 20ರ ದರ್ಜೆಯದು 6.9ರಿಂದ 9.3ರ ನಡುವೆ. ಹೋಲಿಕೆಗೆ, ಸಾಧಾರಣ ಉಷ್ಣತೆಯ ನೀರಿನದು ಸುಮಾರು 1.

ಚಳಿಗಾಲದ ಅಂಕಿ ನಮಗೇಕೆ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೆ ನಮ್ಮ ಚಳಿ ಬೇರೆ, ಎಂಜಿನ್ನಿನ ಚಳಿ ಬೇರೆ. ಸುಮಾರು 100 ಡಿಗ್ರಿಯಲ್ಲಿ ಕೆಲಸ ಮಾಡಬೇಕಾದ ಎಣ್ಣೆಗೆ ಬೆಳಗಿನ 20 ಡಿಗ್ರಿಯೂ ಚಳಿಯೇ. ಆಗ ಅದು ಕಾದ ಎಣ್ಣೆಗಿಂತ ಹಲವು ಪಟ್ಟು ದಪ್ಪವಾಗಿರುತ್ತದೆ. ತಳದ ತೊಟ್ಟಿಯಿಂದ ಎಂಜಿನ್ನಿನ ಮೇಲ್ಭಾಗಕ್ಕೆ ಏರಲು ತಡವಾದಷ್ಟೂ ಸವೆತ ಹೆಚ್ಚು. ಚಾಲೂ ಮಾಡಿದ ಕೂಡಲೇ ರೊಯ್ಯನೆ ಆಕ್ಸಿಲರೇಟರ್ ಒತ್ತಬಾರದೆಂದು ಅನುಭವಿಗಳು ಹೇಳುವುದು ಇದಕ್ಕೇ.

ಅನುಭವ ನಿಜ, ತೀರ್ಮಾನ?

ಈಗ ದಪ್ಪ ಎಣ್ಣೆಯ ವಾದವನ್ನು ನೋಡೋಣ. 2014ರವರೆಗೆ ತಯಾರಾದ ಅಂಬಾಸಡರ್‌ನಂಥ ಕಾರು ಹಲವು ವರ್ಷ ಓಡಿ ಸವೆದಾಗ ಬಿಡಿಭಾಗಗಳ ನಡುವಿನ ಸಂದು ಅಗಲವಾಗುತ್ತದೆ. ದಪ್ಪ ಎಣ್ಣೆ ಆ ಸಂದನ್ನು ತುಂಬುವುದರಿಂದ ಸದ್ದು ತಗ್ಗುತ್ತದೆ, ಎಣ್ಣೆ ಸುಡುವುದೂ ಕಡಿಮೆಯಾಗಬಹುದು. ಆ ಚಾಲಕ ಕಂಡದ್ದು ನಿಜ.

ಆದರೆ ಇಂದಿನ ಅನೇಕ ಸಣ್ಣ ಕಾರುಗಳ ಎಂಜಿನ್ 0ಡಬ್ಲ್ಯು-20ರಂಥ ತೆಳು ಎಣ್ಣೆಗೆಂದೇ ರೂಪುಗೊಂಡಿದೆ. ಅದರ ಎಣ್ಣೆಯ ದಾರಿಗಳು ಕಿರಿದು. ಕೆಲವು ಎಂಜಿನ್ನುಗಳಲ್ಲಿ ವಾಲ್ವುಗಳು ತೆರೆಯುವ ಸಮಯವನ್ನು ಹೊಂದಿಸುವುದೂ ಎಣ್ಣೆಯ ಒತ್ತಡವೇ. ಅಲ್ಲಿಗೆ ದಪ್ಪ ಎಣ್ಣೆ ಸುರಿದರೆ ಅದು ತಡವಾಗಿ ತಲುಪುತ್ತದೆ, ಅದನ್ನು ತಳ್ಳಲು ಇಂಧನವೂ ವ್ಯಯವಾಗುತ್ತದೆ. ಅದೇ ತೆಳು ಎಣ್ಣೆಯನ್ನು ಸವೆದ ಹಳೆಯ ಎಂಜಿನ್ನಿಗೆ ಹಾಕಿದರೆ ಪೊರೆ ನಿಲ್ಲದೆ ಹೋಗಬಹುದು. ಒಂದು ಎಂಜಿನ್ನಿನ ಅನುಭವ ಇನ್ನೊಂದಕ್ಕೆ ನಿಯಮವಾಗದು.

ಕಪ್ಪು ಬಣ್ಣದ ದೂರಿಗೆ ಉತ್ತರ ರಸಾಯನಶಾಸ್ತ್ರದಲ್ಲಿದೆ. ಎಣ್ಣೆಗೆ ಬೆರೆಸುವ ಶೋಧಕ ವಸ್ತುಗಳು ಮಸಿಯನ್ನು ಲೋಹಕ್ಕೆ ಅಂಟಗೊಡದೆ ತಮ್ಮಲ್ಲೇ ತೇಲಿಸಿಟ್ಟುಕೊಳ್ಳುತ್ತವೆ. ಡೀಸೆಲ್ ಎಂಜಿನ್ನಿನಲ್ಲಂತೂ ಎಣ್ಣೆ ಬಹುಬೇಗ ಕಪ್ಪಾಗುತ್ತದೆ. ಅದು ಕೆಲಸ ಮಾಡುತ್ತಿರುವುದರ ಗುರುತು, ಕಲಬೆರಕೆಯದಲ್ಲ. ಬಣ್ಣವೊಂದನ್ನೇ ನೋಡಿ ಎಣ್ಣೆಯ ಆಯುಷ್ಯ ಹೇಳಲಾಗದು.

ಕಿಲೋಮೀಟರ್ ಲೆಕ್ಕವೂ ಹಾಗೆಯೇ. ನಗರದ ವಾಹನದಟ್ಟಣೆಯಲ್ಲಿ ಚಕ್ರ ನಿಂತಿದ್ದರೂ ಎಂಜಿನ್ ಓಡುತ್ತಿರುತ್ತದೆ. ಪದೇ ಪದೇ ಸಣ್ಣ ದೂರವಷ್ಟೇ ಓಡುವ ಕಾರಿನಲ್ಲಿ ಎಣ್ಣೆಗೆ ಸೇರಿದ ತೇವ, ಇಂಧನ ಆವಿಯಾಗುವಷ್ಟು ಬಿಸಿಯೇ ಏರುವುದಿಲ್ಲ. ಆದ್ದರಿಂದಲೇ ತಯಾರಕರು ಎಣ್ಣೆ ಬದಲಿಸಲು ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎನ್ನುತ್ತಾರೆ.

ಇನ್ನೆರಡು ಅಕ್ಷರಗಳು

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಗುರುತಿನಲ್ಲಿ ಎಸ್ ಎಂದು ಆರಂಭವಾಗುವುದು ಪೆಟ್ರೋಲ್ ಎಂಜಿನ್ನಿನ ಎಣ್ಣೆ, ಸಿ ಎಂದಾದರೆ ಡೀಸೆಲ್‌ನದು. 2020ರಲ್ಲಿ ಬಂದ ಎಸ್‌ಪಿ ದರ್ಜೆ 2010ರ ಎಸ್‌ಎನ್‌ಗಿಂತ ಮುಂದಿನದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಶೋಧಕ ಬಂದಿದೆ. ಎಣ್ಣೆಯ ಲೋಹಾಂಶದಿಂದಾಗುವ ಬೂದಿ ಅದರಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಹಿಂದಿನ ಕಾರಿಗೆ ಒಗ್ಗಿದ್ದ ಉತ್ತಮ ಎಣ್ಣೆಯೂ ಇಲ್ಲಿ ಸಲ್ಲದಿರಬಹುದು.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಎರಡು ಪುಟ್ಟ ಬಟ್ಟಲುಗಳಲ್ಲಿ ಹರಳೆಣ್ಣೆ ತೆಗೆದುಕೊಂಡು ಒಂದನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಡಿ. ಓರೆಯಾಗಿಟ್ಟ ಸ್ಟೀಲ್ ತಟ್ಟೆಯ ಮೇಲೆ ಎರಡರಿಂದಲೂ ಒಂದೊಂದು ಚಮಚ ಸುರಿದು ಇಳಿಯುವ ಸಮಯ ಗುರುತು ಹಾಕಿಕೊಳ್ಳಿ. ಎಣ್ಣೆ ಒಂದೇ, ನಡತೆ ಎರಡು!

ಮನೆಯ ಕಾರಿಗೆ ಎಣ್ಣೆ ಕೊಳ್ಳುವಾಗ ಅದರ ಕೈಪಿಡಿಯಲ್ಲಿರುವ ದರ್ಜೆಯನ್ನು ಓದಿ ಹಿರಿಯರಿಗೆ ತಿಳಿಸಿ. ತೆಗೆದ ಹಳೆಯ ಎಣ್ಣೆ ಚರಂಡಿ ಸೇರದೆ ಅಧಿಕೃತ ಮರುಬಳಕೆದಾರರಿಗೆ ಹೋಗಲಿ. ಯಾರಾದರೂ ತಮ್ಮ ಅನುಭವ ಹೇಳಿದರೆ ಗೌರವದಿಂದ ಕೇಳಿ; ಜೊತೆಗೆ, ಯಾವ ಎಂಜಿನ್, ಎಷ್ಟು ಹಳತು, ಎಂಥ ಓಡಾಟ ಎಂದೂ ಕೇಳಿ.