ಪೆರ್ಗೆಯಿಂದ ಹಿಂತಿರುಗಿದ ಮಾರ್ಕನು

ಪೌಲ ಮತ್ತು ಬಾರ್ನಬರ ಅಗಲಿಕೆಯನ್ನು (ಅ.ಕೃ. 15:36-41) ಬೋಧಿಸುವಾಗ, ಒಂದು ಸುವಾರ್ತಾ ತಂಡ ಎರಡಾಯಿತಲ್ಲವೇ ಎಂಬ ಸಮಾಧಾನ ಹೇಳಿ ನಾವು ಮುಂದೆ ಸಾಗುವುದುಂಟು. ಲೂಕನು ಅಂಥ ಸಮಾಧಾನವನ್ನೇನೂ ಹೇಳಿಲ್ಲ. ಅವರ ನಡುವೆ ಉಂಟಾದುದನ್ನು ಅವನು 'ಪರೊಕ್ಸುಸ್ಮೊಸ್' ಎನ್ನುತ್ತಾನೆ. ಜ್ವರ ಉಲ್ಬಣಿಸುವುದಕ್ಕೆ ಗ್ರೀಕ್ ವೈದ್ಯರೂ ಬಳಸುತ್ತಿದ್ದ ಪದವದು. ಪ್ರೀತಿಯು ಕೆರಳುವುದಿಲ್ಲವೆಂದು ಪೌಲನೇ ಬರೆದಾಗ (1 ಕೊರಿ. 13:5) ಬಳಸಿದ ಕ್ರಿಯಾಪದವೂ ಇದೇ ಮೂಲದ್ದು.

ವಿವಾದವು ಸಿದ್ಧಾಂತದ್ದಲ್ಲ, ಒಬ್ಬ ಯುವಕನನ್ನು ಕುರಿತದ್ದು. ಮೊದಲ ಪ್ರಯಾಣದಲ್ಲಿ ಮಾರ್ಕನು ಪೆರ್ಗೆಯಿಂದ ಯೆರೂಸಲೇಮಿಗೆ ಹಿಂತಿರುಗಿದ್ದನು. ಕಾರಣವನ್ನು ಲೂಕನು ತಿಳಿಸುವುದಿಲ್ಲ. ಅನಾರೋಗ್ಯ, ಭಯ, ಮನೆಯ ಹಂಬಲ ಎಂದು ವ್ಯಾಖ್ಯಾನಕಾರರು ಹೇಳುವುದೆಲ್ಲ ಊಹೆ. ಆದರೆ ಪದಗಳ ವ್ಯತ್ಯಾಸವನ್ನು ಗಮನಿಸಬೇಕು. 13:13ರಲ್ಲಿ ನಿರೂಪಕನ ಕ್ರಿಯಾಪದಕ್ಕೆ 'ಹೊರಟುಹೋದನು' ಎಂಬಷ್ಟೇ ಅರ್ಥ. 15:38ರಲ್ಲಿ ಪೌಲನ ನಿಲುವನ್ನು ಹೇಳುವಾಗ ಅದು 'ತೊರೆದನು' ಎಂದಾಗುತ್ತದೆ. ವಿಶ್ವಾಸತ್ಯಾಗಕ್ಕೂ ಸಲ್ಲುವ ಕಠಿಣ ಪದ. ನಡೆದದ್ದು ಒಂದೇ. ನಿರೀಕ್ಷೆ ಭಂಗವಾದವನ ಕಣ್ಣಿಗೆ ಅದು ಬೇರೆಯಾಗಿ ಕಂಡಿತು.

ಪೌಲನ ನಿರೀಕ್ಷೆ ಅನ್ಯಾಯವಾದುದೆನ್ನಲಾಗದು. ಪೆರ್ಗೆಯಿಂದ ಮುಂದೆ ಹೋದವರಿಗೆ ಲುಸ್ತ್ರದ ಕಲ್ಲೆಸೆತ ಕಾದಿತ್ತು. ಅಂಥ ದಾರಿಯಲ್ಲಿ ನಡುವೆ ಬಿಟ್ಟುಹೋಗುವ ಸಂಗಡಿಗನಿಂದ ಇತರರಿಗೂ ಅಪಾಯ. ಬಾರ್ನಬನ ನೋಟಕ್ಕೂ ಹಿನ್ನೆಲೆಯಿತ್ತು. ಶಿಷ್ಯರೆಲ್ಲರೂ ಸೌಲನಿಗೆ ಅಂಜಿ ದೂರವಿದ್ದಾಗ ಅವನ ಪರವಾಗಿ ಅಪೊಸ್ತಲರ ಮುಂದೆ ನಿಂತವನು ಈ ಬಾರ್ನಬನೇ (9:27). ಬಳಿಕ ತಾರ್ಸದವರೆಗೂ ಹೋಗಿ ಅವನನ್ನು ಹುಡುಕಿ ಕರೆತಂದನು. ಮಾರ್ಕನು ಅವನ ಬಂಧುವಾಗಿದ್ದನೆಂಬುದನ್ನೂ (ಕೊಲೊ. 4:10) ಮರೆಯಬಾರದು, ರಕ್ತಸಂಬಂಧದ ಮಮತೆ ಅಲ್ಲಿ ಬೆರೆತಿರಲಿಲ್ಲವೆಂದು ಯಾರು ಹೇಳಬಲ್ಲರು? ಸಭೆಯು ಪೌಲ ಸೀಲರನ್ನು ಕೃಪೆಗೆ ಒಪ್ಪಿಸಿ ಕಳುಹಿಸಿತೆಂಬ ಕಾರಣದಿಂದ ಪೌಲನದೇ ಸರಿ ಎನ್ನುವವರಿದ್ದಾರೆ. ಈ ವಾದ ನಮಗೆ ದುರ್ಬಲವೆನಿಸುತ್ತದೆ. ಲೂಕನ ಕಥನ ಅಲ್ಲಿಂದ ಪೌಲನ ಹಿಂದೆ ಸಾಗುತ್ತದೆ, ಅಷ್ಟೆ, ತೀರ್ಪು ಅಲ್ಲಿಲ್ಲ.

ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ, ಮಾರ್ಕನು ಬಂದರೆ ಬರಮಾಡಿಕೊಳ್ಳಬೇಕೆಂಬ ಸೂಚನೆಯಿದೆ. ಹಳೆಯ ಸುದ್ದಿ ಆ ಸಭೆಯನ್ನೂ ತಲುಪಿತ್ತೇನೋ. 2 ತಿಮೊ. 4:11ರಲ್ಲಿ ಅವನು ಸೇವೆಗೆ 'ಉಪಯುಕ್ತ'ನು. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಓಡಿಹೋಗಿದ್ದ ಒನೇಸಿಮನಿಗೂ ಇದೇ ಪದ ಸಂದಿದೆ. ತಿಮೊಥೆಯನ ಪತ್ರದ ಕರ್ತೃತ್ವದ ಚರ್ಚೆ ಹೇಗೇ ಇರಲಿ, ಮಾರ್ಕನ ವಿಷಯದಲ್ಲಿ ತನ್ನ ಮಾತನ್ನು ಬದಲಿಸಿಕೊಂಡವನೆಂದು ಆದಿಸಭೆ ಪೌಲನನ್ನು ನೆನಪಿಟ್ಟುಕೊಂಡಿತು.

ತರಬೇತಿಗೆಂದು ಸಭೆಯೊಂದಕ್ಕೆ ಕಳುಹಿಸಿದ ವಿದ್ಯಾರ್ಥಿ ಅವಧಿಗೆ ಮುನ್ನ ಮರಳಿದರೆ, ನಮ್ಮ ವರದಿಯಲ್ಲಿ 'ಹಿಂತಿರುಗಿದನು' ಎಂದು ಬರೆಯುತ್ತೇವೆಯೋ, 'ತೊರೆದನು' ಎಂದೋ? ಆ ಒಂದು ಪದ ಅವನ ದೀಕ್ಷೆಯ ದಿನದವರೆಗೂ ಕಡತದಲ್ಲಿರುತ್ತದೆ. ಆ ವರದಿಗೆ ಅವನನ್ನು ಬಲ್ಲ ಮತ್ತೊಬ್ಬರ ಅಭಿಪ್ರಾಯವನ್ನೂ ಲಗತ್ತಿಸಬಹುದು. ಎರಡು ವರ್ಷಗಳ ಬಳಿಕ, ಬರೆದವರೇ ಅದನ್ನು ಮತ್ತೆ ಓದಿ ತಿದ್ದಲು ಅವಕಾಶವಿರಬೇಕು.